ಬಿಕ್ಕಳಿಕೆಯ ಹನ್ನೊಂದನೆಯ ದಿನ

ಕೆನ್ನೆಗೆ ನೊರೆ ಹಚ್ಚಿಕೊಂಡು, ರೇಜರನ್ನು ಕಿವಿಯ ಕೆಳಗೆ ತಂದು ಹಿಡಿದು, ಅವನು ಕಾದ. ಬಿಕ್ಕಳಿಕೆ ಬಂತು. ಒಂದು ಬಂದು ಹೋದರೆ ಮುಂದಿನದಕ್ಕೆ ಹತ್ತು ಹನ್ನೆರಡು ಸೆಕೆಂಡಿನ ಬಿಡುವು ಇರುತ್ತದೆಂದು ಈ ಹನ್ನೊಂದು ದಿನಗಳಲ್ಲಿ ಕಲಿತಿದ್ದ. ಆ ಬಿಡುವಿನಲ್ಲಿ ಕೆನ್ನೆಯ ಒಂದು ಪಟ್ಟಿಯನ್ನು ಹೆರೆದು, ರೇಜರನ್ನು ಮುಖದಿಂದ ದೂರ ಹಿಡಿದು, ಮತ್ತೆ ಕಾಯುವುದು. ಹೀಗೆ ಕಂತು ಕಂತಾಗಿ ಮುಖ ಮುಗಿಯುವಷ್ಟರಲ್ಲಿ ಎಡಗೆನ್ನೆಯ ನೊರೆ ಒಣಗಿ ಬಿರಿಯುತ್ತಿತ್ತು. ನಾಲ್ಕನೆಯ ದಿನ ಅಂದಾಜು ತಪ್ಪಿ ಗದ್ದ ಕೊಯ್ದುಕೊಂಡಿದ್ದ. ಇವತ್ತು ಹಾಗಾಗಕೂಡದು, ಇವತ್ತು ಮೂರು ಗಂಟೆಗೆ ವಿಚಾರಣೆ, ಅಲ್ಲಿ ಎಲ್ಲರೂ ಮುಖವನ್ನೇ ನೋಡುತ್ತಾರೆ. ಕಾಯುವುದೇನೂ ಅವನಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನು ಹೊಟ್ಟೆ ಹೊರೆದದ್ದು ಕಾಯುವುದರಿಂದಲೇ. ಬೇರೆ ಬೇರೆ ಕಾರ್ಖಾನೆಗಳಿಂದ ಬರುವ ಉಕ್ಕಿನ ತೂಕದ ಬಟ್ಟುಗಳು ಹೇಳಿದಷ್ಟೇ ತೂಗುತ್ತವೆಯೇ ಎಂದು ತೂಗಿ ನೋಡಿ ಪ್ರಮಾಣಪತ್ರ ಕೊಡುವ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಕಿಟಕಿಯಿಲ್ಲದ ಕೋಣೆ, ನೆಲದಿಂದ ಬೇರೆಯಾಗಿ ನಿಂತ ಕಲ್ಲಿನ ಮೇಜು, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಉಸಿರು ತಾಕಿದರೂ ಅಂಕಿ ಓಡುತ್ತದೆ. ಅಂಥ ಕೋಣೆಯೊಳಗೆ ಎರಡನೆಯ ದಿನವೇ ಅವನನ್ನು ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದ್ದರು, ಅದು ಸರಿಯೇ.

ಆ ಕೋಣೆಯಲ್ಲಿ ಯಾವಾಗಲೂ ಇಬ್ಬರು. ಒಬ್ಬ ಓದುವವನು, ಒಬ್ಬ ಬರೆಯುವವನು. ಓದುವವನು ಇಕ್ಕಳದಿಂದ ಬಟ್ಟನ್ನು ತಟ್ಟೆಯ ಮೇಲಿಟ್ಟು, ಗಾಜಿನ ಬಾಗಿಲು ಸರಿಸಿ, ನಲವತ್ತು ಸೆಕೆಂಡು ಅಲುಗದೆ ಕೂರುತ್ತಾನೆ. ಆಗ ಬರೆಯುವವನು ತಲೆಯೆತ್ತದೆ ಕೇಳಬೇಕು: "ಕೂತಿತಾ?" ಅಂಕಿ ಓಡಾಟ ಬಿಟ್ಟು ಒಂದು ಕಡೆ ಕೂತಿದ್ದರೆ ಓದುವವನು "ಕೂತಿತು" ಎನ್ನಬೇಕು, ಆಮೇಲೆ ಅಂಕಿ ಹೇಳಬೇಕು. ಬರೆಯುವವನು ಆ ಅಂಕಿಯನ್ನು ಗಟ್ಟಿಯಾಗಿ ಮರಳಿ ಹೇಳಿ, ಬರೆದು, ಸಾಲಿನ ಕೊನೆಯ ಪುಟ್ಟ ಚೌಕದಲ್ಲಿ ಒಂದು ಗೆರೆ ಎಳೆಯಬೇಕು. ಆ ಗೆರೆಗೆ 'ಕೇಳಿದೆ, ಕೂತಿತು ಎಂದರು' ಎಂದು ಅರ್ಥ. ದಿನಕ್ಕೆ ನೂರು ಸಲ ಇದನ್ನೇ ಆಡಿ ಆಡಿ, ಮದುವೆಯಾದ ಹೊಸತರಲ್ಲಿ ಹೆಂಡತಿ ಮಂಚದ ಕಾಲಿಗೆ ಬಿಲ್ಲೆ ಕೊಟ್ಟು ಅಲುಗಾಡಿಸುತ್ತಿದ್ದಾಗಲೂ ಅವನು "ಕೂತಿತಾ?" ಎಂದು ಕೇಳಿದ್ದನಂತೆ, ಆ ನಗೆ ಮನೆಯಲ್ಲಿ ಬಹಳ ಕಾಲ ಉಳಿದಿತ್ತು. ಪ್ರಯೋಗಾಲಯದಲ್ಲಿ ಅವನಿಗೆ 'ಮುಳ್ಳು' ಎಂದು ಅಡ್ಡಹೆಸರು. ಹಳೆಯ ತಕ್ಕಡಿಗಳಿಗೆ ಮುಳ್ಳಿದ್ದ ಕಾಲದಿಂದ ಇದ್ದವನು, ಮುಳ್ಳಿನಷ್ಟೇ ನೇರ ಎಂಬ ಮಾತು ಅದರಲ್ಲಿ ಸೇರಿಕೊಂಡು, ಅಡ್ಡಹೆಸರು ಹೋಗಿ ಬಿರುದೇ ಆಗಿತ್ತು.

"ನಿಂತ್ತಾ?" ಬಚ್ಚಲ ಬಾಗಿಲಾಚೆಯಿಂದ ಹೆಂಡತಿಯ ದನಿ. ಉತ್ತರವಾಗಿ ಬಿಕ್ಕಳಿಕೆಯೇ ಬಂತು. "ಸರಿ ಬಿಡಿ," ಎಂದು ಅವಳು ಹೊಲಿಗೆ ಯಂತ್ರದ ಕಡೆ ಹೋದಳು. ಬಟ್ಟೆ ಹಿಗ್ಗಿಸಿ ಕುಗ್ಗಿಸಿ ಕೊಡುವುದು ಅವಳ ಕಸುಬು, ತುಟಿಯ ನಡುವೆ ಸದಾ ನಾಲ್ಕು ಗುಂಡುಸೂಜಿ. ಮೊದಲ ಎರಡು ದಿನ ಅವಳು ಆ ಸೂಜಿಗಳನ್ನು ತೆಗೆದಿಟ್ಟು ಬೆನ್ನು ತಟ್ಟಿದ್ದಳು, ಸಕ್ಕರೆ ಬಾಯಿಗೆ ಹಾಕಿದ್ದಳು, ಮೂಗು ಹಿಡಿದು ನೀರು ಕುಡಿಸಿದ್ದಳು, ಹಿಂದಿನಿಂದ ಬಂದು ಕೂಗಿ ಬೆಚ್ಚಿಬೀಳಿಸಲು ಹೋಗಿ ತಾನೇ ನಕ್ಕು ಕೂತಿದ್ದಳು. ಈಗ ನಗುವುದಿಲ್ಲ. ಹಾಸಿಗೆಯನ್ನು ಹೊರಗಿನ ಕೋಣೆಗೆ ಒಯ್ದಿದ್ದಾಳೆ. ಅದಕ್ಕೆ ಅವನದೇನೂ ತಕರಾರಿಲ್ಲ; ಅವಳಿಗೂ ನಿದ್ದೆ ಬೇಕಲ್ಲ. ಆದರೆ ದಿಂಬನ್ನು ಎತ್ತಿಕೊಂಡು ಹೋಗುವಾಗ ಅವಳು ತಿರುಗಿ ನೋಡಿದ ರೀತಿ, ಯಾವುದೋ ಕೆಟ್ಟ ನಲ್ಲಿಯನ್ನು ನೋಡುವ ಹಾಗೆ ನೋಡಿದ್ದು, ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಅಡುಗೆಮನೆಯಲ್ಲಿ ಅತ್ತೆ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗಿಡುತ್ತ ದಿನದ ಕೆಲಸ ಶುರುಮಾಡಿದ್ದರು. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ಅವರ ಹೆಸರು ಬಾಯಲ್ಲಿ ಬಂದರೆ ನಿಲ್ಲುತ್ತದೆ ಎಂದು ಅವರ ನಂಬಿಕೆ. ಸತ್ತವರು, ಬದುಕಿದವರು, ಊರು ಬಿಟ್ಟವರು, ಎಲ್ಲರನ್ನೂ ಕರೆದು ಮುಗಿಸಿದ್ದರು.

"ನಿಮ್ಮ ಆಫೀಸ್ನಲ್ಲಿ ಒಬ್ರು ಇದಾರಲ್ಲ, ಬಾಗ್ಲಿಗೆ ತಲೆ ತಾಗುತ್ತೆ ಅವ್ರಿಗೆ. ಆವತ್ತು ಗೋಡೆಗೆ ಮೊಳೆ ಹೊಡೆದುಕೊಟ್ಟು ಹೋದ್ರು. ಅವ್ರಿರಬೇಕು ನೋಡಿ, ಅಳಿಯಂದ್ರೆ."

ಅವನು ಲೋಟ ಕೆಳಗಿಟ್ಟ. ಒಂದು, ಎರಡು, ಮೂರು ಎಂದು ಒಳಗೇ ಎಣಿಸಿದ. ತೂಕದ ಕೋಣೆಯಲ್ಲಿ ತನ್ನ ಜೊತೆ ಬರೆಯಲು ಕೂರುವ ಉದ್ದಣ್ಣ ತನ್ನನ್ನು ನೆನೆಸಿಕೊಳ್ಳುತ್ತಿರುವುದು ನಿಜವೇ ಆಗಿದ್ದರೆ, ಹೇಗೆ ನೆನೆಸಿಕೊಳ್ಳುತ್ತಿರಬಹುದು? ಹಲ್ಲು ಕಚ್ಚಿಯೇ, ಶಾಪ ಹಾಕುತ್ತಲೇ? ಎಣಿಕೆ ಹನ್ನೊಂದು ಮುಟ್ಟಿದಾಗ ಬಿಕ್ಕಳಿಕೆ ಬಂತು. "ಅವ್ರೂ ಅಲ್ಲ," ಎಂದು ಅತ್ತೆ ಇನ್ನೊಂದು ಅಂಚು ಕಿತ್ತರು. ಅವನಿಗೆ ನಿರಾಳವಾಯಿತು, ನಿರಾಳವಾದದ್ದಕ್ಕೆ ನಾಚಿಕೆಯಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಕರವಸ್ತ್ರವನ್ನು ಬಾಯಿಗೊತ್ತಿಕೊಂಡ. ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ಎಂದು ಮೂವರು ವೈದ್ಯರೂ ಮೊದಲು ಕೇಳಿದ್ದು ಅದನ್ನೇ. ಮೂವರಿಗೂ ಅವನು "ಊಟ ಮಾಡ್ತಿದ್ದೆ" ಎಂದೇ ಹೇಳಿದ್ದ. ಮನೆಯ ಹತ್ತಿರದ ವೈದ್ಯರು ಅದನ್ನು ನಂಬಿ ಹೊಟ್ಟೆಯುರಿಯ ಮಾತ್ರೆ ಕೊಟ್ಟರು, ಸಾವಕಾಶ ಅಗಿದು ತಿನ್ನಿ ಎಂದರು, ಮಗುವಿಗೆ ಹೇಳಿದಂತೆ. ಎರಡನೆಯವರು ಕಿವಿ ಗಂಟಲಿನವರು; ಕಿವಿಯೊಳಗೆ ದೀಪ ಹಾಕಿ ನೋಡಿ, "ಒಂದು ಕೂದಲು ತಮಟೆಗೆ ತಾಗ್ತಿದೆ, ಇದ್ರಿಂದ್ಲೂ ಆಗೋದುಂಟು," ಎಂದು ಹುರುಪಿನಿಂದ ಅದನ್ನು ಕಿತ್ತು ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದರು. ಅಷ್ಟು ಸಣ್ಣ ಕೂದಲನ್ನು ನೋಡಿ ಅವನಿಗೆ ಅಳು ಬರುವಷ್ಟು ಆಸೆಯಾಗಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ಬಿಕ್ಕಳಿಕೆ ಬಂತು. ಮೂರನೆಯವರು ನರಗಳ ತಜ್ಞೆ, ಹೆಚ್ಚು ಮಾತಿನವರಲ್ಲ. ಚೀಟಿಯ ಹಿಂದೆ ಕತ್ತು, ಎದೆ, ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಬಾಗಿದ ಒಂದು ಗೆರೆ ಬರೆದರು. ಆ ಗೆರೆ ವಪೆ, ಉಸಿರಾಟದ ಸ್ನಾಯು. ಕತ್ತಿನಿಂದ ಅದಕ್ಕೆ ಇಳಿದು ಬರುವ ನರವನ್ನು ದಾರಿಯಲ್ಲಿ ಎಲ್ಲಿ ಏನು ಕೆಣಕಿದರೂ ವಪೆ ಬೆಚ್ಚುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಗಂಟಲಿನ ಬಾಗಿಲು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಬಾಗಿಲು ಬಡಿಯುವ ಸದ್ದೇ ಬಿಕ್ಕಳಿಕೆ. "ಎರಡು ದಿನ ದಾಟಿದ್ರೆ ನಾವು ಕಾರಣ ಹುಡುಕಲೇಬೇಕು. ಹೊಟ್ಟೆ ಇರಬಹುದು, ಮೂತ್ರಪಿಂಡ ಇರಬಹುದು, ಎದೆಯಲ್ಲಿ ಗಡ್ಡೆ ಇರಬಹುದು, ಮಿದುಳಲ್ಲಿ ಇರಬಹುದು. ಏನೂ ಇಲ್ದೇನೂ ಇರಬಹುದು," ಎಂದರು. ಗಡ್ಡೆ ಎಂಬ ಮಾತಿಗೆ ಪಕ್ಕದಲ್ಲಿದ್ದ ಹೆಂಡತಿ ಅವನ ತೋಳು ಹಿಡಿದಳು. ಅವನಿಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎದೆಯಲ್ಲಿ ಗಡ್ಡೆಯಿದ್ದವನನ್ನು ಯಾರು ವಿಚಾರಣೆಗೆ ಕರೆಯುತ್ತಾರೆ ಎಂದು ಹೊಳೆದು, ಇರಲಿ ಎಂದೇ ಬಯಸಿದ. ರಕ್ತ ಕೊಟ್ಟು, ಕೊಳವೆಯಂಥ ಯಂತ್ರದೊಳಗೆ ಬಿಕ್ಕಳಿಸುತ್ತ ಮಲಗಿ, "ಅಲ್ಲಾಡಬೇಡಿ ಅಂದ್ನಲ್ಲ" ಎಂದು ಎರಡು ಸಲ ಬೈಸಿಕೊಂಡು, ಕೊನೆಗೆ ಎಲ್ಲೂ ಏನೂ ದೋಷವಿಲ್ಲ ಎಂದು ವರದಿ ಬಂತು.

"ನಿದ್ದೇಲೂ ಇರುತ್ತಾ?" ಎಂದು ತಜ್ಞೆ ಕೇಳಿದ್ದು ಅವನನ್ನಲ್ಲ, ಹೆಂಡತಿಯನ್ನು.

"ನಿದ್ದೆ ಹತ್ತಿದ್ರೆ ಇರಲ್ಲ ಡಾಕ್ಟ್ರೆ. ಎದ್ದು ಕಣ್ಣು ಬಿಟ್ಟ ತಕ್ಷಣ ಶುರು."

ತಜ್ಞೆ ಪೆನ್ನು ಕೆಳಗಿಟ್ಟು ಅವನನ್ನು ಮೊದಲ ಸಲ ನೋಡಿದರು. "ಮನಸ್ಸಿಗೆ ಏನಾದ್ರೂ ಹಚ್ಕೊಂಡಿದೀರಾ?"

"ಇಲ್ಲ," ಎಂದ. ಆ 'ಇಲ್ಲ'ವನ್ನು ಬಿಕ್ಕಳಿಕೆ ನಡುವೆ ಮುರಿಯಿತು.

ನಿಜಕ್ಕೂ ಬಿಕ್ಕಳಿಕೆ ಶುರುವಾದಾಗ ಅವನು ಊಟ ಮಾಡುತ್ತಿರಲಿಲ್ಲ. ಮುಖ್ಯಸ್ಥರ ಕೋಣೆಯಲ್ಲಿ ನಿಂತು ಒಂದು ಲೋಟ ನೀರು ಕುಡಿಯುತ್ತಿದ್ದ. ಔಷಧ ಮಾಡುವ ಕಾರ್ಖಾನೆಯೊಂದರ ಪತ್ರ ಮೇಜಿನ ಮೇಲಿತ್ತು. ಇಲ್ಲಿಂದ ಪ್ರಮಾಣಪತ್ರ ಪಡೆದುಹೋದ ಬಟ್ಟು ತಪ್ಪು ತೂಕದ್ದು, ಅದನ್ನು ನಂಬಿ ತಮ್ಮ ತಕ್ಕಡಿ ಹೊಂದಿಸಿಕೊಂಡು ಮಾಡಿದ ಮಾತ್ರೆಗಳೆಲ್ಲ ಹೆಚ್ಚು ಕಡಿಮೆಯಾಗಿವೆ, ಹೊರಗೆ ಹೋಗುವ ಮೊದಲೇ ಗೊತ್ತಾಗಿ ಎಲ್ಲವನ್ನೂ ನಾಶಮಾಡಬೇಕಾಯಿತು ಎಂದಿತ್ತು. ಯಾರೂ ಸತ್ತಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಮುಖ್ಯಸ್ಥರು ಎರಡು ತಿಂಗಳ ಹಿಂದಿನ ಹಾಳೆಯನ್ನು ಅವನ ಕಡೆ ತಿರುಗಿಸಿದರು. ಇಪ್ಪತ್ತು ಸಾಲು, ಹತ್ತೊಂಬತ್ತು ಗೆರೆ. ಕೊನೆಯ ಸಾಲಿನ ಚೌಕ ಖಾಲಿ. "ನೀವು ಓದಿದ್ದು, ಉದ್ದಣ್ಣ ಬರೆದಿದ್ದು. ಈ ಕೊನೇದಕ್ಕೆ ಅವ್ರು 'ಕೂತಿತಾ' ಅಂತ ಕೇಳಿದ್ರಾ?" ಕೇಳಿದ್ದ. ಉದ್ದಣ್ಣ ಎಂದಿನಂತೆ ಆ ಗಿಡ್ಡ ಮೇಜಿನ ಕೆಳಗೆ ಕಾಲು ಮಡಚಲಾಗದೆ ಅಡ್ಡ ಚಾಚಿಕೊಂಡು, ತಲೆಯೆತ್ತದೆ, ಆ ಹಾಡಿನಂಥ ದನಿಯಲ್ಲಿ ಕೇಳಿದ್ದ. ಅಂಕಿ ಆಗ ಇನ್ನೂ ಓಡುತ್ತಿತ್ತು. ಆ ದಿನದ ಕೊನೆಯ ಬಟ್ಟು. ಅವನ ಮಂಡಿ ನೋಯುತ್ತಿತ್ತು. ಮಂಡಿನೋವೂ ನೆಪವೇ, ನಿಜ ಬೇರೆ. ಅಂಕಿ ಓಡುವ ರೀತಿ ನೋಡಿಯೇ ಅದು ಎಲ್ಲಿ ಕೂರುತ್ತದೆಂದು ತನಗೆ ತಿಳಿಯುತ್ತದೆಂಬ ಜಂಬ ಅವನಿಗೆ ಎಷ್ಟೋ ವರ್ಷಗಳಿಂದ ಇತ್ತು, ಯಾರಿಗೂ ಹೇಳಿಕೊಳ್ಳದ, ಒಳಗೇ ಸಾಕಿಕೊಂಡ ಜಂಬ. ಇಪ್ಪತ್ತು ಸೆಕೆಂಡಿಗೇ "ಕೂತಿತು" ಎಂದು, ಅದು ಕೂರಬಹುದಾದ ಅಂಕಿಯನ್ನು ಹೇಳಿ, ಎದ್ದು ನಿಂತು, ಬಟ್ಟಿನ ಡಬ್ಬಿಯನ್ನು ಉದ್ದಣ್ಣನ ಕೈಗೆ ತುರುಕಿ, "ನಡೀರಿ, ಇವತ್ತಾದ್ರೂ ಬೆಳಕಿರೋವಾಗ ಮನೆ ನೋಡೋಣ" ಎಂದಿದ್ದ. ಡಬ್ಬಿ ಹಿಡಿಯಲು ಉದ್ದಣ್ಣ ಪೆನ್ನು ಕೆಳಗಿಟ್ಟದ್ದು, ಗೆರೆ ಎಳೆಯದೆ ಉಳಿದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಮುಖ್ಯಸ್ಥರ ಮುಂದೆ ನೀರು ನುಂಗಿ "ನೆನಪಿಲ್ಲ" ಎಂದ. ಆ ನೀರು ಎದೆ ದಾಟುವ ಮೊದಲೇ ಮೊದಲನೆಯ ಬಿಕ್ಕಳಿಕೆ ಬಂದಿತ್ತು. "ನೀರು ಸಾವಕಾಶ ಕುಡೀರಿ ಮುಳ್ಳು," ಎಂದಿದ್ದರು ಮುಖ್ಯಸ್ಥರು, ಪ್ರೀತಿಯಿಂದಲೇ.

ತಜ್ಞೆ ಬರೆದುಕೊಟ್ಟ ಚೀಟಿಯನ್ನು ಔಷಧದಂಗಡಿಯವನು ಬೆಳಕಿಗೆ ಹಿಡಿದು ಓದಿದ್ದ. ಸಾಲಿನಲ್ಲಿ ಹಿಂದೆ ಆರೇಳು ಜನ. "ಇದು ಯಾರಿಗೆ ಸಾರ್? ಇದು ತಲೆ ಸರಿ ಇಲ್ದೋರಿಗೆ ಕೊಡೋ ಮಾತ್ರೆ." ನನಗೇ ಎಂದು ಹೇಳಲು ಬಾಯಿ ತೆರೆದರೆ ಬಂದದ್ದು ಬಿಕ್ಕಳಿಕೆ. ಹಿಂದೆ ಯಾರೋ ಕಿಸಕ್ಕೆಂದರು. ಮಿದುಳು ಬಿಕ್ಕಳಿಸು ಎಂದು ಆಜ್ಞೆ ಕೊಡುವ ಜಾಗವನ್ನೇ ಈ ಮಾತ್ರೆ ಮಂಕು ಮಾಡುತ್ತದೆ, ಇದು ಇದಕ್ಕೂ ಹಳೆಯ ಮದ್ದೇ ಎಂದು ತಜ್ಞೆ ಹೇಳಿದ್ದರು. ಅದನ್ನೆಲ್ಲ ಅಂಗಡಿಯ ಗಾಜಿನ ಮೇಲೆ ಬಾಗಿ ವಿವರಿಸುವುದು ಸಾಧ್ಯವೇ? ಆದರೆ ಆ ಅವಮಾನದಿಂದಲೇ ಅವನಿಗೆ ಒಂದು ಉಪಾಯ ಹುಟ್ಟಿತು. ಅಂಗಡಿಯಿಂದ ನೇರ ಮತ್ತೆ ತಜ್ಞೆಯ ಬಳಿ ಹೋಗಿ, ಇನ್ನೆರಡು ದಿನಕ್ಕೆ ಆಫೀಸಿನಲ್ಲಿ ವಿಚಾರಣೆಯಿದೆ, ಈ ಸ್ಥಿತಿಯಲ್ಲಿ ಮಾತಾಡಲಾರೆ ಎಂದು ಬರೆದುಕೊಡಿ ಎಂದು ಕೇಳಿದ. ಅವರು ಬರೆದುಕೊಟ್ಟದ್ದು ಅವನು ಕೇಳಿದ್ದಕ್ಕಿಂತ ಹೆಚ್ಚಾಗಿತ್ತು: ರೋಗಿಯು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮಂಪರು ಮತ್ತು ಗೊಂದಲ ಇರಬಹುದು, ಈ ಅವಧಿಯ ಹೇಳಿಕೆಗಳನ್ನು ಎಚ್ಚರದಿಂದ ನೋಡತಕ್ಕದ್ದು. ಓದಿ ಅವನಿಗೆ ಸಂತೋಷವಾಯಿತು. ಮಡಚಿ ಆಫೀಸಿಗೆ ಕಳಿಸಿದ. ಮುಖ್ಯಸ್ಥರಿಂದ ಬಂದ ಉತ್ತರ ಒಂದೇ ಸಾಲು: ಸುಮ್ಮನೆ ಬಂದು ಕೂತರೆ ಸಾಕು, ಉದ್ದಣ್ಣನಿಗೂ ಧೈರ್ಯ.

ವಿಚಾರಣೆಯ ಕೋಣೆಯ ಹೊರಗೆ ಒಂದು ಬೆಂಚು. ಅದರ ಮೇಲೆ ಉದ್ದಣ್ಣ ಆಗಲೇ ಕೂತಿದ್ದ, ಮಂಡಿಗಳು ಎದೆಯವರೆಗೆ ಬಂದಿದ್ದವು. ಹದಿನಾಲ್ಕು ವರ್ಷ ಆ ಒಂದು ಕೋಣೆಯಲ್ಲಿ ಬರೆದದ್ದು ಬಿಟ್ಟರೆ ಬೇರೆ ಕೆಲಸ ಕಲಿಯದವನು. ತಪ್ಪು ಅವನದೆಂದಾದರೆ ಇಲ್ಲಿ ಮಾತ್ರವಲ್ಲ, ಯಾವ ಪ್ರಯೋಗಾಲಯದಲ್ಲೂ ಅವನಿಗೆ ಮತ್ತೆ ಪೆನ್ನು ಹಿಡಿಯಲು ಬಿಡುವುದಿಲ್ಲ. ಇಸ್ತ್ರಿಯ ಅಂಗಿ ತೊಟ್ಟಿದ್ದ. ತೋಳು ಮಣಿಕಟ್ಟಿಗೆ ಮೂರು ಬೆರಳು ಗಿಡ್ಡ.

"ಇನ್ನೂ ನಿಂತಿಲ್ವಾ ಸಾರ್?" ಎಂದು ಎದ್ದುಹೋಗಿ ನೀರು ತಂದ. "ಲೋಟದ ಆಚೆ ಅಂಚಿಗೆ ಬಾಯಿಟ್ಟು, ಬಗ್ಗಿ ಕುಡೀರಿ. ನಗಬೇಡಿ. ನಮ್ಮಕ್ಕನಿಗೆ ಇದ್ರಲ್ಲೇ ಹೋಯ್ತು."

ಅವನು ಬಗ್ಗಿ ಕುಡಿದ. ನೀರು ಮೂಗಿಗೆ ನುಗ್ಗಿ, ಅಂಗಿಯ ಮೇಲೆ ಚೆಲ್ಲಿತು. ಉದ್ದಣ್ಣ ತನ್ನ ಕರವಸ್ತ್ರ ತೆಗೆದು ಅವನ ಎದೆಯನ್ನು ಒರೆಸಿದ. ಒರೆಸುತ್ತಲೇ, ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡವನ ಹಾಗೆ ಹೇಳಿದ: "ಸಾರ್, ನಾನು ಎಷ್ಟೋ ದಿನದಿಂದ ಯೋಚನೆ ಮಾಡ್ತಿದೀನಿ. ಕೇಳಿದೀನಿ ಅಂತಾನೇ ಮೊದಲು ಅನ್ಕೊಂಡಿದ್ದೆ. ದಿನಾ ಕೇಳ್ತೀನಲ್ಲ, ಆವತ್ತು ಯಾಕೆ ಬಿಡ್ತೀನಿ ಅಂತ. ಆಮೇಲೆ ಹೊಳೀತು. ನಾನು ಕೇಳಿದ್ದಿದ್ರೆ ನೀವು ನೋಡ್ದೆ 'ಕೂತಿತು' ಅನ್ನೋ ಮನುಷ್ಯರಾ? ನೀವು? ಸಾಧ್ಯಾನೇ ಇಲ್ಲ. ಅಂದ್ಮೇಲೆ ನಾನು ಕೇಳೇ ಇಲ್ಲ. ಮನೆಗೆ ಹೋಗೋ ಆತುರ, ನೀವು ಸುಮ್ನೆ ಅಂಕಿ ನೋಡ್ತಾ ಬಾಯಲ್ಲಿ ಅಂದಿದ್ದನ್ನ ನಾನೇ ಬರ್ಕೊಂಡುಬಿಟ್ಟಿದೀನಿ. ಚೌಕಾನೂ ಖಾಲಿ ಇದೆ. ಹಂಗಂತಾನೇ ಹೇಳಿಬಿಡ್ತೀನಿ. ನಿಮ್ಮನ್ನ ಇದ್ರಲ್ಲಿ ಎಳ್ಯಲ್ಲ."

ಅವನು ಆ ಗಿಡ್ಡ ತೋಳನ್ನೇ ನೋಡಿದ. ಶಾಪ ಹಾಕಿದ್ದರೆ ತಡೆದುಕೊಳ್ಳುತ್ತಿದ್ದ. ಜಗಳಕ್ಕೆ ಬಂದಿದ್ದರೆ ತಾನೂ ನಾಲ್ಕು ಮಾತಾಡಿ, ಆ ಮಾತಿನ ಭರದಲ್ಲಿ ಸುಳ್ಳನ್ನೇ ನಂಬಿಬಿಡುತ್ತಿದ್ದನೇನೋ. ಈ ಮನುಷ್ಯ ತನ್ನ ನೆನಪನ್ನೇ ಸುಳ್ಳು ಮಾಡಿಕೊಂಡು ಬಂದಿದ್ದಾನೆ, ಬರೀ ನಂಬಿಕೆಯಿಂದ. ಆ ಸಂಜೆ "ಕೂತಿತಾ?" ಎಂದು ಕೇಳಿದ ದನಿ ಈಗ ಲೋಕದಲ್ಲಿ ಒಂದೇ ತಲೆಯಲ್ಲಿ ಉಳಿದಿತ್ತು, ಅದು ತನ್ನದು. ಗೋಡೆಯ ಗಡಿಯಾರ ನೋಡಿದ, ರೂಢಿಯಿಂದ. ಹನ್ನೆರಡು ಸೆಕೆಂಡಾಯಿತು, ಇಪ್ಪತ್ತಾಯಿತು. ಒಂದು ನಿಮಿಷ ದಾಟಿತು. ಎದೆ ಖಾಲಿ ಮನೆಯ ಹಾಗೆ ಸದ್ದಿಲ್ಲದೆ ಇತ್ತು.

"ಹೋಯ್ತಾ?" ಉದ್ದಣ್ಣ ಬಾಯಿ ತುಂಬ ನಕ್ಕ. "ನಾನು ಹೇಳಿರ್ಲಿಲ್ವಾ!"

ಲೋಟದ ಅಂಚೋ, ಎರಡು ದಿನದ ಮಾತ್ರೆಯೋ, ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೇ: ಈಗ ಗಂಟಲು ತನ್ನದು, ಮಾತಾಡಲಾಗದು ಎಂದು ಇನ್ನು ಹೇಳುವಂತಿಲ್ಲ. ಹೇಳಿಬಿಡುತ್ತೇನೆ ಎಂದುಕೊಂಡ. ಹಾಗೆಂದುಕೊಂಡಾಗ ಹನ್ನೊಂದು ದಿನಗಳಲ್ಲಿ ಮೊದಲ ಸಲ ಪೂರ್ತಿ ಉಸಿರೆಳೆದ.

ಒಳಗೆ ಉದ್ದ ಮೇಜು. ಮುಖ್ಯಸ್ಥರು, ಹೊರಗಿನಿಂದ ಬಂದ ತನಿಖಾಧಿಕಾರಿ ಹೆಂಗಸು, ಟೈಪು ಮಾಡುವವಳು, ಗೋಡೆಯುದ್ದಕ್ಕೂ ಪ್ರಯೋಗಾಲಯದ ಜನ. ಅಧಿಕಾರಿಗೆ ನೆಗಡಿ; ಮೂಗು ಒರೆಸಿಕೊಳ್ಳುತ್ತ ಉದ್ದಣ್ಣನ ಮಾತು ಕೇಳಿದರು. ಅವನು ಬೆಂಚಿನ ಮೇಲೆ ಹೇಳಿದ್ದನ್ನೇ ಹೇಳಿದ, ತಡವರಿಸದೆ. ಟೈಪಿನ ಸದ್ದು ನಿಂತಾಗ ಇವನು ಯಾರೂ ಕರೆಯುವ ಮುನ್ನವೇ ಎದ್ದು ನಿಂತಿದ್ದ.

"ಅವ್ರು ಕೇಳಿದ್ರು," ಎಂದ. ದನಿ ಅವನಿಗೇ ಅಚ್ಚರಿಯಾಗುವಷ್ಟು ಸ್ವಚ್ಛವಾಗಿತ್ತು. "ಕೂತಿತಾ ಅಂತ ಕೇಳಿದ್ರು. ಅಂಕಿ ಕೂತಿರಲಿಲ್ಲ. ನಾನು ಕೂತಿತು ಅಂದೆ. ತಪ್ಪು ನಂದು."

ಮುಖ್ಯಸ್ಥರು ಅಧಿಕಾರಿಯ ಕಡೆ ಬಾಗಿ ಏನೋ ಹೇಳಿ ಒಂದು ಕಾಗದವನ್ನು ಸರಿಸಿದರು. ಆ ಮಡಿಕೆಗಳನ್ನು ಅವನು ದೂರದಿಂದಲೇ ಗುರುತಿಸಿದ. ಅಧಿಕಾರಿ ಓದಿ, ತಲೆಯೆತ್ತಿ, ಅವನನ್ನು ಬಹಳ ಮೃದುವಾಗಿ ನೋಡಿದರು.

"ಈ ಮಾತ್ರೆ ತಗೋತಿದೀರಾ?"

"ಹೂಂ. ಆದ್ರೆ ನಾನು..."

"ನನ್ನ ಹತ್ರ ಆವತ್ತು ನೆನಪಿಲ್ಲ ಅಂದಿದ್ರಿ," ಎಂದರು ಮುಖ್ಯಸ್ಥರು. ಆರೋಪವಿರಲಿಲ್ಲ ಆ ದನಿಯಲ್ಲಿ, ಮರುಕವಿತ್ತು.

"ಬರ್ಕೋಬೇಡಿ ಮೇಡಂ!" ಉದ್ದಣ್ಣ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು. ಅವನ ಕಣ್ಣು ತುಂಬಿತ್ತು. "ಅವ್ರಿಗೆ ಹುಷಾರಿಲ್ಲ. ಇಷ್ಟೊತ್ತು ಹೊರಗೆ ಬಿಕ್ಕಳಿಸ್ತಾ ಕೂತಿದ್ರು. ನನ್ನ ಕೆಲಸ ಹೋಗುತ್ತಲ್ಲ ಅಂತ ಹೇಳ್ತಿದಾರೆ, ಬೇರೇನಲ್ಲ. ಇವ್ರನ್ನ ಹದಿನಾಲ್ಕು ವರ್ಷದಿಂದ ನೋಡಿದೀನಿ. ಇವ್ರು ಅಂಕಿ ಕೂರದೆ ಕೂತಿತು ಅಂತಾರಾ? ಇಲ್ಲಿರೋ ಯಾರನ್ನಾದ್ರೂ ಕೇಳಿ."

ಗೋಡೆಯ ಬಳಿಯ ತಲೆಗಳೆಲ್ಲ ಅಲುಗಿದವು. ಯಾರೋ "ದೊಡ್ಡ ಮನಸ್ಸು" ಎಂದದ್ದು ಅವನ ಕಿವಿಗೆ ಬಿತ್ತು. ಅಧಿಕಾರಿ ಮೂಗು ಒರೆಸಿಕೊಂಡು, "ಇಂಥೋರು ಜೊತೇಲಿರೋದೇ ಪುಣ್ಯ ಕಣ್ರೀ," ಎಂದು ಉದ್ದಣ್ಣನಿಗೆ ಹೇಳಿದರು. ಟೈಪಿನವಳಿಗೆ, "ಇವರ ಮಾತು ಬಿಟ್ಟುಬಿಡಿ," ಎಂದರು. ಮತ್ತೆ ಅವನ ಕಡೆ ತಿರುಗಿ, ಉತ್ತರ ಬೇಡದವರ ಹಾಗೆ, ಬರೀ ಕ್ರಮಕ್ಕಾಗಿ ಕೇಳಿದರು: "ಇನ್ನೇನಾದ್ರೂ ಹೇಳೋದಿದೆಯಾ?"

ಇತ್ತು. ಮಂಡಿ, ಜಂಬ, ಇಪ್ಪತ್ತು ಸೆಕೆಂಡು, ಡಬ್ಬಿ, ಕೆಳಗಿಟ್ಟ ಪೆನ್ನು, ಒಂದೊಂದಾಗಿ ಇಟ್ಟಿದ್ದರೆ ಯಾರೂ ಅದನ್ನು ಮಾತ್ರೆಯ ಮಂಪರು ಎನ್ನಲಾಗುತ್ತಿರಲಿಲ್ಲ. ಗಂಟಲು ಸ್ವಚ್ಛವಾಗಿತ್ತು. ಅಧಿಕಾರಿಗೆ ಆತುರವಿರಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರದಷ್ಟು ಪ್ರೀತಿಯಿಂದ. ಒಂದು ಸಲ ಹೇಳಿದೆನಲ್ಲ, ಎಂದು ಒಳಗಿನಿಂದ ಯಾವುದೋ ದನಿ ಮೆತ್ತಗೆ ಅಂದಿತು. ಹೇಳಿದೆ, ಅವರೇ ನಂಬಲಿಲ್ಲ, ನಾನೇನು ಮಾಡಲಿ. ಆ ದನಿ ಬಹಳ ಹಿತವಾಗಿತ್ತು.

"ಇಲ್ಲ ಮೇಡಂ," ಎಂದು ಕೂತ.

ಟೈಪು ಮತ್ತೆ ಶುರುವಾಯಿತು. ಉದ್ದಣ್ಣ ಬಿದ್ದ ಕುರ್ಚಿಯನ್ನು ಎತ್ತಿಟ್ಟು ಅವನ ಪಕ್ಕದಲ್ಲಿ ಕೂತು, ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿದು, ಕೃತಜ್ಞತೆಯಿಂದ ಒತ್ತಿದ. ಅವನೂ ಆ ಕೈಯನ್ನು ಒತ್ತಿದ.